ಟೂಲ್ ಶುರುವಾಗೋ ಮುಂಚೆನೇ ವರ್ಷನ್ ಜಗಳ: ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಬಹಳಷ್ಟು ಒಂದೇ ತಲೆನೋವಿನ ಬಗ್ಗೆ. ಟೂಲ್‌ಗೆ ಬೇಕಾಗಿರೋ ಪ್ಯಾಕೇಜ್‌ನ (ಬೇರೆಯವ್ರು ಬರೆದಿಟ್ಟ ಕೋಡ್ ಕಟ್ಟಿನ) ವರ್ಷನ್ ಒಂದು, ಮಷೀನ್‌ನಲ್ಲಿ ಕೂತಿರೋದು ಇನ್ನೊಂದು. ಹುಬ್ಬಳ್ಳಿಯವರ ಪ್ರಶ್ನೆ ದೊಡ್ಡದು, ಉತ್ತರಾನೂ ಉದ್ದ ಆಯ್ತು, ಉಳಿದವ್ರು ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಸರ್, ನಮ್ಮ ಆಫೀಸ್‌ನ್ಯಾಗ ಪೈಥಾನ್‌ನ್ಯಾಗ ಬರೆದಿದ್ದ ಒಂದು ಕಮಾಂಡ್ ಲೈನ್ ಟೂಲ್ ಐತ್ರಿ. ದಿನಾ ರಾತ್ರಿ ಹೊತ್ತಿಗೆ ಸರಿಯಾಗಿ ತಾನ ಓಡಸೂ ಕ್ರಾನ್‌ನಿಂದ ಓಡತೈತಿ, ಅವತ್ತಿನ ಬಿಲ್ ಡೇಟಾ ಕ್ಲೌಡ್‌ಗೆ ಏರಿಸಿ ಆಮ್ಯಾಲೆ ರಿಪೋರ್ಟ್ ಮೇಲ್ ಮಾಡತೈತಿ. ಹೋದ ತಿಂಗಳು ಯಾರೋ ಅದ ಸರ್ವರ್‌ಗೆ ಬ್ಯಾರೆ ಒಂದು ಪ್ಯಾಕೇಜ್ ಹಾಕಿದ್ರು. ಅವತ್ತಿನಿಂದ ಓಡಿಸಿದಾಗೆಲ್ಲ ಯುಆರ್‌ಎಲ್‌ಲಿಬ್3 ವರ್ಷನ್ ಮ್ಯಾಚ್ ಆಗವಲ್ದು ಅಂತ ಒಂದು ವಾರ್ನಿಂಗ್ ಬರತೈತಿ. ಕೆಲಸ ಆಗತಿತ್ತು, ಅದಕ್ಕ ಸುಮ್ನಿದ್ವಿ. ಒಂದಿನ ರಾತ್ರಿ ಡೇಟಾ ಏರಿಸೋದು ಮುಗದು ಮೇಲ್ ಕಳಿಸೋ ಹೊತ್ತಿಗೆ ಇಂಪೋರ್ಟ್ ಎರರ್ ಕೊಟ್ಟು ನಿಂತುಬಿಡ್ತು. ಟೂಲ್ ಚಾಲೂ ಆಗೋ ಮುಂಚೇನ ಎಲ್ಲಾ ಪ್ಯಾಕೇಜ್ ಸರಿ ಅದಾವೋ ಇಲ್ಲೋ ನೋಡೂಹಂಗ ಮಾಡಾಕ ಬರತೈತೇನ್ರಿ? ನಮ್ಮ ಮ್ಯಾನೇಜರ್ರು ಪಿಪ್ ಚೆಕ್ ಹಾಕ್ರಿ ಸಾಕು ಅಂತಾರ.
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮಾಡಬಹುದು, ನಿಮ್ಮಂಥ ಟೂಲ್‌ಗೆ ಮಾಡ್ಲೇಬೇಕು ಕೂಡ. ಮ್ಯಾನೇಜರ್ ಹೇಳಿದ್ದು ಅರ್ಧ ಸರಿ, ಅದಕ್ಕೆ ಆಮೇಲೆ ಬರ್ತೀನಿ, ಮೊದ್ಲು ನಿಮ್ಮ ಸರ್ವರ್‌ನಲ್ಲಿ ಏನಾಗಿರಬಹುದು ನೋಡೋಣ.

ಪೈಥಾನ್‌ನಲ್ಲಿ ಒಂದು ಎನ್ವಿರಾನ್‌ಮೆಂಟ್ (ಪ್ಯಾಕೇಜ್‌ಗಳು ಕೂರೋ ಜಾಗ) ಒಳಗೆ ಒಂದು ಪ್ಯಾಕೇಜ್‌ನ ಒಂದೇ ವರ್ಷನ್ ಇರಕ್ಕೆ ಸಾಧ್ಯ. ನಿಮ್ಮ ಟೂಲ್‌ಗೆ ಯುಆರ್‌ಎಲ್‌ಲಿಬ್3 (ನೆಟ್ ಮೂಲಕ ಮಾತಾಡೋ ಲೈಬ್ರರಿ) ಹಳೇದು ಬೇಕು, ಹೊಸದಾಗಿ ಬಂದ ಪ್ಯಾಕೇಜ್‌ಗೆ ಹೊಸದು ಬೇಕು, ಇಬ್ಬರಿಗೂ ಇರೋದು ಒಂದೇ ಜಾಗ. ಬಸ್ಸಲ್ಲಿ ಸೀಟಿಗೆ ಮೊದ್ಲು ಟವೆಲ್ ಹಾಕಿದವ್ರಿಗೆ ಸೀಟು, ಇಲ್ಲಿ ಹಾಗಲ್ಲ, ಕೊನೇಲಿ ಬಂದವನು ಟವೆಲ್ ಎತ್ತಿ ಬಿಸಾಕಿ ಕೂತ್ಕೋತಾನೆ.

ಪ್ಯಾಕೇಜ್ ಇನ್‌ಸ್ಟಾಲ್ ಮಾಡೋ ಪಿಪ್ ಏನೂ ಹೇಳೋದೇ ಇಲ್ಲ ಅಂತಲ್ಲ. 2020ರ ನವೆಂಬರ್‌ನಲ್ಲಿ ಬಂದ ಪಿಪ್ 20.3ರಲ್ಲಿ ಯಾವ ವರ್ಷನ್ ಹೊಂದತ್ತೆ ಅಂತ ಲೆಕ್ಕ ಹಾಕೋ ಹೊಸ ರಿಸಾಲ್ವರ್ ಹಾಕಿದ್ರು, ಒಂದೇ ಕಮಾಂಡ್‌ನಲ್ಲಿ ನೀವು ಕೇಳಿದ ಪ್ಯಾಕೇಜ್‌ಗಳ ಮಧ್ಯೆನೇ ಜಗಳ ಇದ್ರೆ ಅದು ಇನ್‌ಸ್ಟಾಲ್ ಮಾಡಲ್ಲ ಅಂತ ನಿಲ್ಲತ್ತೆ. ಆದ್ರೆ ಮುಂಚೆಯಿಂದ ಅಲ್ಲಿ ಇರೋ ಪ್ಯಾಕೇಜ್‌ಗಳನ್ನೆಲ್ಲ ಅದು ಲೆಕ್ಕಕ್ಕೆ ತಗೊಳ್ಳಲ್ಲ. ಇಂಥದ್ದಕ್ಕೆ ಇಂಥ ವರ್ಷನ್ ಬೇಕು, ನಿಮ್ಹತ್ರ ಇರೋದು ಇದು, ಹೊಂದಲ್ಲ ಅಂತ ಕೆಂಪಕ್ಷರದಲ್ಲಿ ಎರರ್ ಬರೆಯತ್ತೆ, ಬರೆದು ಅದರ ಕೆಳಗೇ 'ಸಕ್ಸಸ್‌ಫುಲಿ ಇನ್‌ಸ್ಟಾಲ್ಡ್' ಅಂತಾನೂ ಹೇಳತ್ತೆ. ನಮ್ಮ ಜನ ಕೊನೇ ಸಾಲು ಮಾತ್ರ ಓದಿ ಟರ್ಮಿನಲ್ ಮುಚ್ತಾರೆ. ನಿಮ್ಮಲ್ಲೂ ಅದೇ ಆಗಿರತ್ತೆ.

ಇನ್ನು ನಿಮಗೆ ಬರ್ತಿದ್ದ ವಾರ್ನಿಂಗ್. ಅದನ್ನ ಹಾಕ್ತಿರೋದು ಪಿಪ್ ಅಲ್ಲ, ಪೈಥಾನ್ ಕೂಡ ಅಲ್ಲ, ಯುಆರ್‌ಎಲ್‌ಲಿಬ್3 ಮೇಲೆ ನಿಂತಿರೋ ರಿಕ್ವೆಸ್ಟ್ಸ್ ಅನ್ನೋ ಲೈಬ್ರರಿ. ಆ ಲೈಬ್ರರಿಯ ಇನಿಟ್ ಫೈಲ್ ತೆಗೆದು ನೋಡಿ, ಮೇಲ್ಗಡೆನೇ ವರ್ಷನ್ ಹೊಂದತ್ತಾ ಅಂತ ನೋಡೋ ಒಂದು ಸಣ್ಣ ಫಂಕ್ಷನ್ ಇದೆ. ಯುಆರ್‌ಎಲ್‌ಲಿಬ್3ದು ವರ್ಷನ್ ಸ್ಟ್ರಿಂಗ್ ತಗೊಂಡು, ಚುಕ್ಕಿ ಇರೋ ಕಡೆ ಒಡೆದು, ಮೇಜರ್ ಇಷ್ಟಿರಬೇಕು ಮೈನರ್ ಇಷ್ಟಿರಬೇಕು ಅಂತ ಅಸರ್ಟ್ (ಸುಳ್ಳಾದ್ರೆ ಎರರ್ ಕೊಡೋ ಸಾಲು) ಹಾಕಿದ್ದಾರೆ, ಅಸರ್ಟ್ ಫೇಲ್ ಆದ್ರೆ ಹಿಡ್ಕೊಂಡು ಬರೀ ಒಂದು ವಾರ್ನಿಂಗ್ ಹೇಳಿ ಮುಂದಕ್ಕೆ ಬಿಡ್ತಾರೆ. ಹಳೇ ರಿಕ್ವೆಸ್ಟ್ಸ್, ಉದಾಹರಣೆಗೆ 2.28.1, ಯುಆರ್‌ಎಲ್‌ಲಿಬ್3 1.21.1ರಿಂದ 1.26ರ ಸಾಲಿನವರೆಗೆ ಮಾತ್ರ ಒಪ್ತಿತ್ತು. ಯುಆರ್‌ಎಲ್‌ಲಿಬ್3 2.0 ಬಂದಿದ್ದು 2023ರಲ್ಲಿ, ಅದನ್ನ ಒಪ್ಪೋ ರಿಕ್ವೆಸ್ಟ್ಸ್ 2.30 ಬಂದಿದ್ದು ಅದೇ ವರ್ಷ ಮೇ ತಿಂಗಳಲ್ಲಿ. ನಿಮ್ಮ ರಿಕ್ವೆಸ್ಟ್ಸ್ ಹಳೇದೇ ಉಳ್ಕೊಂಡು ಯುಆರ್‌ಎಲ್‌ಲಿಬ್3 ಮಾತ್ರ ಮುಂದಕ್ಕೆ ಹೋಗಿದೆ ಅಂತ ನನ್ನ ಅಂದಾಜು. ಇಲ್ಲೊಂದು ಮಜಾ ಇದೆ, ಪೈಥಾನ್‌ನ ದೊಡ್ಡ 'ಓ' ಆಪ್ಷನ್ ಹಾಕಿ ಓಡಿಸಿದ್ರೆ ಅಸರ್ಟ್ ಎಲ್ಲಾ ಮಾಯ, ಆಗ ಆ ವಾರ್ನಿಂಗೂ ಮಾಯ. ಸರಿ ಹೋಯ್ತು ಅನ್ಕೊಂಡು ಖುಷಿ ಪಡಬೇಡಿ.

ಅರ್ಧ ದಾರೀಲಿ ಯಾಕೆ ನಿಂತ್ತು ಅನ್ನೋದಕ್ಕೆ ಕಾರಣ ಬೇರೆ. ಮೇಲ್ ಕಳಿಸೋ ಫಂಕ್ಷನ್ ಒಳಗೇ ಇಂಪೋರ್ಟ್ ಬರೆದಿರ್ತಾರೆ, ಫೈಲ್‌ನ ತಲೇಲಿ ಇರಲ್ಲ. ಟೂಲ್ ಬೇಗ ಶುರುವಾಗ್ಲಿ ಅಂತ ಹೀಗೆ ಮಾಡೋದು ಒಳ್ಳೆ ಅಭ್ಯಾಸಾನೇ, ಆದ್ರೆ ಅದರ ಸಾಲ ಹೀಗೆ ತೀರಿಸಬೇಕಾಗತ್ತೆ, ಶುರುವಿನಲ್ಲೇ ಬರಬೇಕಿದ್ದ ಎರರ್ ಕೆಲಸ ಅರ್ಧ ಆದ್ಮೇಲೆ ಬರತ್ತೆ. ಡೇಟಾ ಹೋಗಿದೆ ರಿಪೋರ್ಟ್ ಹೋಗಿಲ್ಲ, ಬೆಳಿಗ್ಗೆ ಬಂದವರು ಮತ್ತೆ ಓಡಿಸ್ತಾರೆ, ಡೇಟಾ ಎರಡು ಸಲ ಹೋಗತ್ತೆ. ಶುರುವಿನಲ್ಲೇ ನಿಂತಿದ್ರೆ ಇದ್ಯಾವುದೂ ಇಲ್ಲ. ಹಾಗಾಗಿ ಹೀಗೆ ಬೇಕಾದಾಗ ಮಾತ್ರ ತರೋ ಲೇಜಿ ಇಂಪೋರ್ಟ್ ಇಟ್ಕೊಂಡಿರೋ ಟೂಲ್‌ಗೆ ಶುರುವಿನ ಚೆಕ್ ಬೇರೆಯವ್ರಿಗಿಂತ ಹೆಚ್ಚು ಬೇಕು.

ಚೆಕ್ ಬರೆಯೋದು ಹೇಗೆ ಅಂದ್ರೆ, ಬೇಕಾದ ಸಾಮಾನೆಲ್ಲ ಇದೆ. ಪ್ರತಿ ಪ್ಯಾಕೇಜ್ ಇನ್‌ಸ್ಟಾಲ್ ಆದಾಗ ಸೈಟ್-ಪ್ಯಾಕೇಜಸ್ ಒಳಗೆ ಅದರ ಹೆಸರು, ವರ್ಷನ್ ಸೇರಿಸಿ ಡಿಸ್ಟ್-ಇನ್ಫೋ ಅಂತ ಮುಗಿಯೋ ಒಂದು ಫೋಲ್ಡರ್ ಬರತ್ತೆ, ಅದರೊಳಗೆ ಮೆಟಾಡೇಟಾ ಅನ್ನೋ ಮಾಮೂಲಿ ಟೆಕ್ಸ್ಟ್ ಫೈಲ್. ತೆಗೆದು ನೋಡಿ, 'ರಿಕ್ವೈರ್ಸ್-ಡಿಸ್ಟ್' ಅಂತ ಶುರುವಾಗೋ ಸಾಲುಗಳಿರ್ತವೆ, ನನಗೆ ಯಾರ್ಯಾರು ಬೇಕು, ಎಷ್ಟರಿಂದ ಎಷ್ಟರೊಳಗೆ ಅಂತ. ಪೈಥಾನ್ 3.8ರಿಂದ, ಅಂದ್ರೆ 2019ರಿಂದ, ಇದನ್ನ ಓದಕ್ಕೆ ಇಂಪೋರ್ಟ್‌ಲಿಬ್ ಮೆಟಾಡೇಟಾ ಅನ್ನೋ ಮಾಡ್ಯೂಲ್ ಪೈಥಾನ್ ಜೊತೆಗೇ ಬರತ್ತೆ. ಅದರ 'ರಿಕ್ವೈರ್ಸ್' ಫಂಕ್ಷನ್‌ಗೆ ನಿಮ್ಮ ಟೂಲ್ ಹೆಸರು ಕೊಟ್ರೆ ಆ ಸಾಲುಗಳ ಪಟ್ಟಿ ಸಿಗತ್ತೆ, 'ವರ್ಷನ್' ಫಂಕ್ಷನ್‌ಗೆ ಪ್ಯಾಕೇಜ್ ಹೆಸರು ಕೊಟ್ರೆ ಈಗ ಇರೋ ವರ್ಷನ್ ಸಿಗತ್ತೆ, ಪ್ಯಾಕೇಜೇ ಇಲ್ದಿದ್ರೆ ಎಕ್ಸೆಪ್ಷನ್. ಎರಡನ್ನೂ ಹೋಲಿಸಕ್ಕೆ ಮಾತ್ರ 'ಪ್ಯಾಕೇಜಿಂಗ್' ಅನ್ನೋ ಲೈಬ್ರರಿ ಬೇಕು, ನೀವೇ ಸ್ಟ್ರಿಂಗ್ ಹೋಲಿಸಕ್ಕೆ ಹೋಗ್ಬೇಡಿ, ಸ್ಟ್ರಿಂಗ್ ಲೆಕ್ಕದಲ್ಲಿ 1.9 ಅನ್ನೋದು 1.10ಕ್ಕಿಂತ ದೊಡ್ಡದು. ಆಮೇಲೆ ಒಂದೊಂದು ಪ್ಯಾಕೇಜ್‌ಗೂ ಅದೇ ಪ್ರಶ್ನೆ, ಅದರ ಕೆಳಗಿನದಕ್ಕೂ ಅದೇ ಪ್ರಶ್ನೆ, ನೋಡಿ ಆಗಿರೋದನ್ನ ಒಂದು ಸೆಟ್‌ನಲ್ಲಿ ಇಟ್ಕೊಳಿ, ಇಲ್ಲಾಂದ್ರೆ ಒಂದಕ್ಕೊಂದು ಡಿಪೆಂಡ್ ಆಗಿರೋ ಎರಡು ಪ್ಯಾಕೇಜ್ ಸಿಕ್ಕಿದ್ರೆ ಸುತ್ತುತ್ತಾ ಇರ್ತೀರ.

ಕೇಳಕ್ಕೆ ಸುಲಭ ಅನ್ಸತ್ತೆ, ಎಡವೋ ಜಾಗ ಕೆಲವಿವೆ. ರಿಕ್ವೈರ್ಸ್-ಡಿಸ್ಟ್ ಸಾಲಿನ ಕೊನೇಲಿ ಸೆಮಿಕೋಲನ್ ಹಾಕಿ ಷರತ್ತು ಬರೆದಿರ್ತಾರೆ, ವಿಂಡೋಸ್ ಆದ್ರೆ ಮಾತ್ರ, ಪೈಥಾನ್ ಇಷ್ಟಕ್ಕಿಂತ ಹಳೇದಾದ್ರೆ ಮಾತ್ರ, ಟೆಸ್ಟ್ ಮಾಡೋದಾದ್ರೆ ಮಾತ್ರ ಅಂತ. ಅದಕ್ಕೆ ಮಾರ್ಕರ್ ಅಂತಾರೆ. ಅದನ್ನ ನೋಡದೆ ಚೆಕ್ ಮಾಡಿದ್ರೆ ನಿಮ್ಮ ಲಿನಕ್ಸ್ ಸರ್ವರ್ 'ವಿಂಡೋಸ್ ಪ್ಯಾಕೇಜ್ ಇಲ್ಲ' ಅಂತ ದಿನಾ ಅಳತ್ತೆ. ಮಾರ್ಕರ್ ಇವ್ಯಾಲ್ಯುಯೇಟ್ ಮಾಡುವಾಗ ಎಕ್ಸ್‌ಟ್ರಾ ಜಾಗಕ್ಕೆ ಖಾಲಿ ಸ್ಟ್ರಿಂಗ್ ಕೊಡಿ, ಟೆಸ್ಟ್ ಸಾಮಾನೆಲ್ಲ ತಾನಾಗೇ ಬಿಟ್ಟೋಗತ್ತೆ. ಪ್ರೀರಿಲೀಸ್ ಇನ್ನೊಂದು ಕಾಟ, ಯಾರಾದ್ರೂ ಬೀಟಾ ವರ್ಷನ್ ಹಾಕಿದ್ರೆ ರೇಂಜ್ ಒಳಗೇ ಇದ್ರೂ ಇಲ್ಲ ಅಂತ ಹೇಳಬಹುದು, ಅದಕ್ಕೆ ಹೋಲಿಸುವಾಗ ಪ್ರೀರಿಲೀಸ್ ಒಪ್ಪು ಅಂತ ಬಾಯಿಬಿಟ್ಟು ಹೇಳ್ಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಎಡವೋದು ಚೆಕ್ ಎಲ್ಲಿ ಇಡಬೇಕು ಅನ್ನೋದ್ರಲ್ಲಿ. ಮೇನ್ ಫಂಕ್ಷನ್ ಒಳಗೆ ಮೊದಲ ಸಾಲಲ್ಲೇ ಚೆಕ್ ಬರೆದಿರ್ತಾರೆ, ಸರಿ, ಆದ್ರೆ ಅದೇ ಫೈಲ್‌ನ ತಲೇಲಿ ರಿಕ್ವೆಸ್ಟ್ಸ್, ಪಾಂಡಾಸ್ ಎಲ್ಲಾ ಇಂಪೋರ್ಟ್ ಆಗಿ ಕೂತಿರತ್ತೆ. ಇಂಪೋರ್ಟೇ ಮೊದ್ಲು ಓಡೋದು, ಜಗಳ ಇದ್ರೆ ಅಲ್ಲೇ ಟ್ರೇಸ್‌ಬ್ಯಾಕ್ ಉದ್ದಕ್ಕೆ ಬಿದ್ದು ಟೂಲ್ ಸಾಯತ್ತೆ, ನಿಮ್ಮ ಚೆಕ್‌ಗೆ ಸರದಿನೇ ಬರಲ್ಲ. ಎಂಟ್ರಿ ಪಾಯಿಂಟ್‌ಗೆ, ಅಂದ್ರೆ ಟೂಲ್ ಶುರುವಾಗೋ ಜಾಗಕ್ಕೆ, ಒಂದು ಪುಟ್ಟ ಫೈಲ್ ಬೇರೆ ಮಾಡಿ, ಅದರಲ್ಲಿ ಇಂಪೋರ್ಟ್‌ಲಿಬ್ ಮೆಟಾಡೇಟಾ, ಪ್ಯಾಕೇಜಿಂಗ್ ಎರಡು ಬಿಟ್ಟು ಇನ್ನೇನೂ ಬೇಡ, ಚೆಕ್ ಪಾಸ್ ಆದ್ಮೇಲೆ ಅಲ್ಲಿಂದ ನಿಜವಾದ ಮೇನ್ ಇಂಪೋರ್ಟ್ ಮಾಡಿ ಕರೀರಿ.

ತಪ್ಪು ಸಿಕ್ಕಿದ್ರೆ ಏನು ಹೇಳ್ಬೇಕು ಅನ್ನೋದೂ ಮುಖ್ಯ. 'ಡಿಪೆಂಡೆನ್ಸಿ ಎರರ್' ಅಂತ ಎರಡು ಪದ ಬರೆದು ಸುಮ್ನಾಗೋ ಟೂಲ್‌ಗಳನ್ನ ಕಂಡ್ರೆ ನನಗೆ ಮೈ ಉರಿಯತ್ತೆ. ಯಾವ ಪ್ಯಾಕೇಜು, ಯಾರು ಕೇಳಿದ್ದು, ಎಷ್ಟು ಬೇಕಿತ್ತು, ಎಷ್ಟಿದೆ, ಯಾವ ಫೋಲ್ಡರ್‌ನಿಂದ ಬಂತು, ಸರಿ ಮಾಡಕ್ಕೆ ಯಾವ ಕಮಾಂಡ್, ಇಷ್ಟೂ ಬೇಕು. ಮಷೀನ್ ಲರ್ನಿಂಗ್ ಮಾಡೋರಿಗೆ ಗೊತ್ತಿರೋ ಟ್ರಾನ್ಸ್‌ಫಾರ್ಮರ್ಸ್ ಲೈಬ್ರರಿ ಇದನ್ನ ಚೆನ್ನಾಗಿ ಮಾಡತ್ತೆ, ಇಂಪೋರ್ಟ್ ಆಗುವಾಗ್ಲೇ ಟೋಕನೈಜರ್ಸ್ ಥರದ ಕೆಲವು ಪ್ಯಾಕೇಜ್‌ಗಳನ್ನ ಮಾತ್ರ ನೋಡಿ, ಇಷ್ಟು ಬೇಕಿತ್ತು, ಸಿಕ್ಕಿದ್ದು ಇಷ್ಟು, ಈ ಕಮಾಂಡ್ ಓಡಿಸಿ ನೋಡಿ ಅಂತ ಹೇಳಿ ನಿಲ್ಲತ್ತೆ. ನಿಮ್ಮದರಲ್ಲೂ ಮೆಸೇಜ್ ಎರರ್ ಸ್ಟ್ರೀಮ್‌ಗೆ ಹೋಗ್ಲಿ, ಎಕ್ಸಿಟ್ ಕೋಡ್ ಸೊನ್ನೆ ಆಗದೇ ಇರ್ಲಿ, ಇಲ್ಲಾಂದ್ರೆ ಟೂಲ್‌ನ ಓಡಿಸೋ ಸ್ಕ್ರಿಪ್ಟ್ ಎಲ್ಲಾ ಚೆನ್ನಾಗಾಯ್ತು ಅಂತ ಮುಂದಿನ ಕೆಲಸಕ್ಕೆ ಹೋಗತ್ತೆ.

ನಿಲ್ಲಿಸಬೇಕಾ, ಬರೀ ಎಚ್ಚರಿಸಬೇಕಾ? ಇದಕ್ಕೆ ಎಲ್ಲರದೂ ಒಂದೊಂದು ಅಭಿಪ್ರಾಯ, ನನ್ನದು ಹೀಗೆ. ಪ್ಯಾಕೇಜೇ ಇಲ್ಲ, ಅಥವಾ ಕನಿಷ್ಠ ವರ್ಷನ್‌ಗಿಂತ ಹಳೇದಿದೆ ಅಂದ್ರೆ ನಿಲ್ಲಿಸಿ. ಮೇಲಿನ ಮಿತಿ ದಾಟಿದೆ ಅಂದ್ರೆ ಕೈಯಿಂದ ಓಡಿಸ್ತಿರೋರಿಗೆ ಎಚ್ಚರಿಸಿ ಸಾಕು, ಯಾಕಂದ್ರೆ ಎಷ್ಟೋ ಜನ 'ಎರಡಕ್ಕಿಂತ ಕಡಿಮೆ' ಅಂತ ಬರೆಯೋದು ಎರಡು ಬಂದಾಗ ಏನಾಗತ್ತೋ ಅನ್ನೋ ಭಯಕ್ಕೆ, ಪರೀಕ್ಷೆ ಮಾಡಿ ಬರೆದಿದ್ದಲ್ಲ. ಆದ್ರೆ ನಿಮ್ಮದು ರಾತ್ರಿ ಕ್ರಾನ್‌ನಲ್ಲಿ ಓಡೋದು, ಅಲ್ಲಿ ವಾರ್ನಿಂಗ್ ಓದೋರು ಯಾರೂ ಇಲ್ಲ. ನಿಮಗೆ ಎರಡಕ್ಕೂ ನಿಲ್ಲಿಸೋದೇ ಸರಿ. ತುರ್ತಿಗೆ ಚೆಕ್ ದಾಟಿ ಹೋಗಕ್ಕೆ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಕೊಳಿ, ಅದನ್ನ ಹಾಕಿದ್ರೆ ಲಾಗ್‌ನಲ್ಲಿ ಒಂದು ಸಾಲು ಬರಲಿ.

ಈಗ ಪಿಪ್ ಚೆಕ್. 2016ರಲ್ಲಿ ಪಿಪ್ 9 ಜೊತೆ ಬಂದಿದ್ದು, ಒಳ್ಳೇದೇ, ಜಗಳ ಇದ್ರೆ ಸಾಲು ಸಾಲಾಗಿ ಹೇಳತ್ತೆ, ಎಕ್ಸಿಟ್ ಕೋಡೂ ಕೊಡತ್ತೆ. ಆದ್ರೆ ಅದು ಎನ್ವಿರಾನ್‌ಮೆಂಟ್‌ನಲ್ಲಿರೋ ಎಲ್ಲಾ ಪ್ಯಾಕೇಜ್ ನೋಡತ್ತೆ. ನಿಮ್ಮ ಟೂಲ್‌ಗೆ ಸಂಬಂಧನೇ ಇಲ್ಲದ ಯಾವುದೋ ಎರಡು ಪ್ಯಾಕೇಜ್ ಕಿತ್ತಾಡ್ತಿದ್ರೆ ಅದಕ್ಕೂ ನಿಮ್ಮ ರಾತ್ರಿ ಕೆಲಸ ನಿಲ್ಲಬೇಕಾ? ಜೊತೆಗೆ ಪ್ರತಿ ಸಲ ಇಡೀ ಪಿಪ್ ಎದ್ದು ಬರಬೇಕು, ಅದೇನು ಹಗುರ ಪ್ರಾಣಿ ಅಲ್ಲ. ಹಾಗಾಗಿ ಸರ್ವರ್‌ಗೆ ಏನಾದ್ರೂ ಇನ್‌ಸ್ಟಾಲ್ ಮಾಡಿದ ತಕ್ಷಣ ಪಿಪ್ ಚೆಕ್ ಓಡಿಸಿ, ಡಿಪ್ಲಾಯ್ ಸ್ಕ್ರಿಪ್ಟ್‌ನಲ್ಲೇ ಸೇರಿಸಿ. ಟೂಲ್ ಶುರುವಾಗುವಾಗ ಅದರ ಸ್ವಂತ ಡಿಪೆಂಡೆನ್ಸಿ ಮರ (ಅದಕ್ಕೆ ಬೇಕಾದ ಪ್ಯಾಕೇಜ್‌ಗಳು, ಅವಕ್ಕೆ ಬೇಕಾದವು) ಮಾತ್ರ ನೋಡ್ಕೊಳ್ಳಲಿ. ಹೆಲ್ಪ್, ವರ್ಷನ್ ಕೇಳಿದಾಗ ಅದೂ ಬೇಡ, ಎಲ್ಲಾ ಕೆಟ್ಟಿರುವಾಗ್ಲೇ ತಾನೆ ಜನ ಹೆಲ್ಪ್ ನೋಡೋದು. ಕೂಲಂಕಷ ಪರೀಕ್ಷೆ ಬೇಕು ಅಂದ್ರೆ 'ಡಾಕ್ಟರ್' ಅಂತ ಒಂದು ಸಬ್‌ಕಮಾಂಡ್ ಇಡಿ, ಹೋಮ್‌ಬ್ರೂ, ಫ್ಲಟರ್, ಎನ್‌ಪಿಎಂ ಎಲ್ಲದರಲ್ಲೂ ಇದೇ ಹೆಸರಲ್ಲಿ ಇದೆ, ಜನಕ್ಕೆ ಅಭ್ಯಾಸ ಆಗಿದೆ.

ಇನ್ನೊಂದು ವಿಷಯ, ನೀವು ಕೈಯಿಂದ ಓಡಿಸಿದಾಗ ಸರಿ ಇದ್ದು ಕ್ರಾನ್‌ನಲ್ಲಿ ಮಾತ್ರ ಕೆಡ್ತಿದ್ರೆ ಯಾವ ಯೂಸರ್ ಹೆಸರಲ್ಲಿ ಓಡ್ತಿದೆ ನೋಡಿ. ಯೂಸರ್ ಆಪ್ಷನ್ ಹಾಕಿ ಇನ್‌ಸ್ಟಾಲ್ ಮಾಡಿದ್ದು ಆ ಯೂಸರ್‌ನ ಹೋಮ್ ಒಳಗೆ ಡಾಟ್ ಲೋಕಲ್ ಫೋಲ್ಡರ್‌ನಲ್ಲಿ ಕೂರತ್ತೆ, ಸಿಸ್ಟಮ್‌ನಲ್ಲಿ ಇರೋದಕ್ಕಿಂತ ಅದೇ ಮೊದ್ಲು ಕಣ್ಣಿಗೆ ಬೀಳತ್ತೆ. ನಿಮಗೆ ಕಾಣೋ ಯುಆರ್‌ಎಲ್‌ಲಿಬ್3 ಬೇರೆ, ಕ್ರಾನ್‌ಗೆ ಕಾಣೋದು ಬೇರೆ. ಮೆಸೇಜ್‌ನಲ್ಲಿ ಫೋಲ್ಡರ್ ಹೆಸರು ಇರಲಿ ಅಂದಿದ್ದು ಇದಕ್ಕೇ.

ಇಷ್ಟೆಲ್ಲಾ ಮಾಡಿದ್ರೂ ಆ ಟೂಲ್‌ಗೆ ಅದರದ್ದೇ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ ಕೊಡಿ, ಕ್ರಾನ್ ಸಾಲಲ್ಲಿ ಅದರ ಪೂರ್ತಿ ಪಾತ್ ಬರೀರಿ. ಈ ವಾರ ಇದನ್ನ ಮಾಡಿ, ಚೆಕ್ ಕೋಡ್ ಮುಂದಿನ ವಾರ ಬರೆದ್ರೂ ನಡೆಯತ್ತೆ.

ಪ್ರಶ್ನೆ: ಪೈಥಾನ್ 3.12ಕ್ಕೆ ಅಪ್‌ಗ್ರೇಡ್ ಆದ್ಮೇಲೆ ಹಳೇ ಟೂಲ್ ಒಂದು 'ಪಿಕೆಜಿ ರಿಸೋರ್ಸಸ್ ಅನ್ನೋ ಮಾಡ್ಯೂಲ್ ಇಲ್ಲ' ಅಂತ ಹೇಳಿ ಶುರುವಾಗೋದೇ ಇಲ್ಲ. ಕೋಡ್‌ನಲ್ಲಿ ನಾವು ಅದನ್ನ ಎಲ್ಲೂ ಬಳಸೇ ಇಲ್ಲ ಸರ್.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಬಳಸಿರಲ್ಲ, ನಿಮ್ಮ ಟೂಲ್‌ನ ಸ್ಟಾರ್ಟ್ ಮಾಡೋ ಪುಟ್ಟ ಸ್ಕ್ರಿಪ್ಟ್ ಬಳಸಿರತ್ತೆ. ಬಿನ್ ಫೋಲ್ಡರ್‌ನಲ್ಲಿ ಟೂಲ್ ಹೆಸರಿನ ಫೈಲ್ ತೆಗೆದು ನೋಡಿ. ಹಿಂದೆ ಪ್ಯಾಕೇಜ್ ಕಟ್ಟೋ ಸೆಟಪ್‌ಟೂಲ್ಸ್ ಈ ಸ್ಕ್ರಿಪ್ಟ್ ತಯಾರು ಮಾಡುವಾಗ ಟೂಲ್ ಹೆಸರು, ವರ್ಷನ್ ಎರಡನ್ನೂ ಅದರೊಳಗೇ ಬರೆದು, ಪಿಕೆಜಿ ರಿಸೋರ್ಸಸ್ ಮೂಲಕ ಎಂಟ್ರಿ ಪಾಯಿಂಟ್ ಹುಡುಕೋ ಹಾಗೆ ಮಾಡ್ತಿತ್ತು. ಅದು ಟೂಲ್‌ನ ಎಲ್ಲಾ ಡಿಪೆಂಡೆನ್ಸಿಗಳನ್ನ ಮೊದ್ಲು ಸರಿ ಹೊಂದಿಸಿ ನೋಡಿ, ಹೊಂದದಿದ್ರೆ 'ವರ್ಷನ್ ಕಾನ್‌ಫ್ಲಿಕ್ಟ್' ಅಂತ, ಸಿಗದಿದ್ರೆ 'ಡಿಸ್ಟ್ರಿಬ್ಯೂಷನ್ ನಾಟ್ ಫೌಂಡ್' ಅಂತ ಅಲ್ಲೇ ನಿಲ್ತಿತ್ತು. ಹುಬ್ಬಳ್ಳಿಯವರು ಈಗ ಕೇಳ್ತಿರೋ ಚೆಕ್ ಆ ಕಾಲದಲ್ಲಿ ಕೇಳದೇ ಸಿಗ್ತಿತ್ತು.

ಮತ್ಯಾಕೆ ಹೋಯ್ತು ಅಂದ್ರೆ ನಿಧಾನ. ಪ್ರತಿ ಸಲ ಪಾತ್‌ನಲ್ಲಿರೋ ಪ್ಯಾಕೇಜ್‌ಗಳನ್ನೆಲ್ಲ ಎಣಿಸ್ಕೊಂಡು ಬರ್ತಿತ್ತು, ಪ್ಯಾಕೇಜ್ ಜಾಸ್ತಿ ಇರೋ ಮಷೀನ್‌ನಲ್ಲಿ ಬರೀ ಹೆಲ್ಪ್ ನೋಡಕ್ಕೂ ಕಾಯಬೇಕಿತ್ತು. ಚಿಕ್ಕ ವಿಷಯಕ್ಕೂ ಟೂಲ್ ಏಳೋದೇ ಇಲ್ಲ ಅಂತ ಜನ ರೋಸಿ ಹೋಗಿದ್ರು. ಈಗ ವೀಲ್ ಅನ್ನೋ ರೆಡಿ ಪ್ಯಾಕೇಜ್ ಫೈಲ್‌ನಿಂದ ಇನ್‌ಸ್ಟಾಲ್ ಮಾಡಿದಾಗ ಪಿಪ್ ಬರೆಯೋ ಸ್ಕ್ರಿಪ್ಟ್ ನೋಡಿದ್ರೆ ಅದರಲ್ಲಿ ಏನೂ ಇಲ್ಲ, ಫಂಕ್ಷನ್ ಇಂಪೋರ್ಟ್ ಮಾಡು, ಕರಿ, ಅಷ್ಟೆ. ಬೇಗ ಏಳತ್ತೆ, ಏನನ್ನೂ ನೋಡಲ್ಲ.

ನಿಮ್ಮ ಸಮಸ್ಯೆಗೆ ಬಂದ್ರೆ, 2023ರ ಅಕ್ಟೋಬರ್‌ನಲ್ಲಿ ಬಂದ 3.12ರಿಂದ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿದಾಗ ಸೆಟಪ್‌ಟೂಲ್ಸ್ ತಾನಾಗೇ ಬರಲ್ಲ, ಪಿಕೆಜಿ ರಿಸೋರ್ಸಸ್ ಇದ್ದಿದ್ದು ಅದರೊಳಗೇ. ಟೂಲ್‌ನ ಪಿಪ್‌ನಿಂದ ಮತ್ತೆ ಇನ್‌ಸ್ಟಾಲ್ ಮಾಡಿ, ಹೊಸ ಥರದ ಸ್ಕ್ರಿಪ್ಟ್ ಬರತ್ತೆ. ಅದಾದ್ಮೇಲೂ ಅದೇ ಎರರ್ ಅಂದ್ರೆ ನಿಮ್ಮ ಯಾವುದೋ ಡಿಪೆಂಡೆನ್ಸಿ ಒಳಗೊಳಗೆ ಬಳಸ್ತಿದೆ, ಅದರ ಹೊಸ ವರ್ಷನ್ ನೋಡಿ, ಇಲ್ಲದಿದ್ರೆ ಸದ್ಯಕ್ಕೆ ಹಳೇ ಸೆಟಪ್‌ಟೂಲ್ಸ್ ಒಂದನ್ನ ಆ ಎನ್ವಿರಾನ್‌ಮೆಂಟ್‌ಗೆ ಹಾಕಿ.

ಪ್ರಶ್ನೆ: ಉಬುಂಟು 24.04 ಹಾಕಿದೀನಿ. ಪಿಪ್ ಇನ್‌ಸ್ಟಾಲ್ ಅಂದ್ರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅಂತ ಬೈಯತ್ತೆ. ಬ್ರೇಕ್ ಸಿಸ್ಟಮ್ ಪ್ಯಾಕೇಜಸ್ ಅನ್ನೋ ಆಪ್ಷನ್ ಹಾಕು ಆಗತ್ತೆ ಅಂತ ಫ್ರೆಂಡ್ ಹೇಳ್ದ. ಹಾಕ್ಲಾ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೇಡಮ್ಮ. ಆ ಆಪ್ಷನ್ ಹೆಸರಲ್ಲೇ ಏನಾಗತ್ತೆ ಅಂತ ಬರೆದಿದ್ದಾರಲ್ಲ. ಉಬುಂಟುವಿನ ಎಷ್ಟೋ ಟೂಲ್‌ಗಳು ಪೈಥಾನ್‌ನಲ್ಲೇ ಬರೆದಿರೋದು, ಹೊಸ ರೆಪೊಸಿಟರಿ ಸೇರಿಸೋ 'ಆಡ್ ಆಪ್ಟ್ ರೆಪೊಸಿಟರಿ' ಕೂಡ. ಅವು ಉಬುಂಟುವಿನ ಪ್ಯಾಕೇಜ್ ಟೂಲ್ ಆದ ಆಪ್ಟ್ ಹಾಕಿಟ್ಟ ವರ್ಷನ್‌ಗಳನ್ನ ನಂಬ್ಕೊಂಡಿರ್ತವೆ, ನೀನು ಪಿಪ್‌ನಿಂದ ಬೇರೆ ವರ್ಷನ್ ಹಾಕಿದ್ರೆ ಅವು ಕೆಡಬಹುದು. ಅದಕ್ಕೇ ಪೈಥಾನ್‌ನವರು ಪೆಪ್ 668 ಅನ್ನೋ ಪ್ರಸ್ತಾವದಲ್ಲಿ, ಪಿಪ್ ನೋಡಿ ನಿಲ್ಲೋ ಹಾಗೆ ಒಂದು ಗುರುತಿನ ಫೈಲ್ ಇಡೋ ಏರ್ಪಾಡು ಮಾಡಿದ್ರು, ಡೆಬಿಯನ್ 12 ಮತ್ತು ಉಬುಂಟು 23.04ರಿಂದ, ಅಂದ್ರೆ 2023ರಿಂದ, ಅದು ಜಾರೀಲಿದೆ. ಕಮಾಂಡ್ ಲೈನ್ ಟೂಲ್ ಬೇಕಾದ್ರೆ ಆಪ್ಟ್‌ನಿಂದ ಪಿಪ್ಎಕ್ಸ್ ಹಾಕ್ಕೊ, ಅದು ಒಂದೊಂದು ಟೂಲ್‌ಗೂ ಬೇರೆ ಬೇರೆ ಎನ್ವಿರಾನ್‌ಮೆಂಟ್ ಮಾಡಿ ಕಮಾಂಡ್ ಮಾತ್ರ ಹೊರಗೆ ಕಾಣೋ ಹಾಗೆ ಇಡತ್ತೆ. ಪ್ರಾಜೆಕ್ಟ್‌ಗೆ ಲೈಬ್ರರಿ ಬೇಕಾದ್ರೆ ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ವೆನ್ವ್ (ವರ್ಚುವಲ್ ಎನ್ವಿರಾನ್‌ಮೆಂಟ್) ಮಾಡ್ಕೊ. ಮುಂದೆ ಉಬುಂಟು ಅಪ್‌ಗ್ರೇಡ್ ಮಾಡಿ ಪೈಥಾನ್ ಬದಲಾದಾಗ ಪಿಪ್ಎಕ್ಸ್ ಟೂಲ್‌ಗಳೆಲ್ಲ ಒಟ್ಟಿಗೆ ಕೈ ಕೊಡ್ತವೆ, ಆಗ ಗಾಬರಿ ಬೇಡ, 'ರೀಇನ್‌ಸ್ಟಾಲ್ ಆಲ್' ಅನ್ನೋ ಕಮಾಂಡ್ ಇದೆ.

ಪ್ರಶ್ನೆ: ಪಿಪ್ ಚೆಕ್ ಓಡಿಸಿದ್ರೆ ಎಲ್ಲಾ ಸರಿ ಇದೆ ಅಂತ ಬರತ್ತೆ. ಆದ್ರೆ ಪ್ರೋಗ್ರಾಂ ಶುರು ಮಾಡಿದ ಕೂಡ್ಲೆ ನಮ್‌ಪೈ 1ರಲ್ಲಿ ಕಂಪೈಲ್ ಆದ ಮಾಡ್ಯೂಲ್ ನಮ್‌ಪೈ 2ರಲ್ಲಿ ಓಡಲ್ಲ ಅಂತ ಪುಟಗಟ್ಟಲೆ ಎರರ್. ಯಾರನ್ನ ನಂಬೋದು?
— ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಉತ್ತರ: ಎರರ್‌ನ ನಂಬಿ. ಪಿಪ್ ಚೆಕ್ ಓದೋದು ಪ್ಯಾಕೇಜ್ ಮಾಡಿದವರು ಕಾಗದದ ಮೇಲೆ ಬರೆದ ಮಾತು ಮಾತ್ರ. ಲೆಕ್ಕದ ಲೈಬ್ರರಿ ನಮ್‌ಪೈನ 2.0 ಬಂದಿದ್ದು 2024ರ ಜೂನ್‌ನಲ್ಲಿ, 2006ರ ನಂತರ ಮೊದಲ ಮೇಜರ್ ವರ್ಷನ್, ಅದರಲ್ಲಿ ಸಿ ಕೋಡ್ ಮಟ್ಟದ ಹೊಂದಾಣಿಕೆ ಬದಲಾಯ್ತು. ಹಳೇ ಪ್ಯಾಕೇಜ್‌ಗಳಲ್ಲಿ ಎಷ್ಟೋ ಜನ 'ನಮ್‌ಪೈ 1.ಇಷ್ಟಕ್ಕಿಂತ ಹೊಸದು ಸಾಕು' ಅಂತ ಬರೆದು ಮೇಲಿನ ಮಿತಿ ಬಿಟ್ಟಿದ್ರು, ಪಿಪ್ ಪಾಪ ಎರಡನ್ನೂ ತಂದು ಹಾಕ್ತು, ಲೆಕ್ಕ ಸರಿ, ಓಟ ಇಲ್ಲ. ಹುಬ್ಬಳ್ಳಿಯವರಿಗೆ ಮೇಲಿನ ಮಿತಿ ಬರೀ ಭಯಕ್ಕೆ ಹಾಕೋದು ಅಂದಿದ್ದೆ, ಕಂಪೈಲ್ ಆಗಿರೋ ಕೋಡ್ ವಿಷಯದಲ್ಲಿ ಆ ಭಯಕ್ಕೆ ಅರ್ಥ ಇದೆ. ಎರರ್‌ನಲ್ಲಿ ಹೆಸರು ಬಂದಿರೋ ಮಾಡ್ಯೂಲ್‌ನ ಹೊಸ ವರ್ಷನ್ ಇದ್ರೆ ಹಾಕಿ, ಇಲ್ಲದಿದ್ರೆ ನಮ್‌ಪೈನ 2ಕ್ಕಿಂತ ಕೆಳಗೆ ಕಟ್ಟಿಹಾಕಿ.

ಕಾಗದ ಸರಿ ಇದ್ದು ಕೆಡೋದಕ್ಕೆ ಇನ್ನೊಂದು ದಾರಿ, ನಿಮ್ಮ ಲ್ಯಾಬ್‌ನಲ್ಲಿ ಇದೂ ಇರಬಹುದು. ಓಪನ್ ಸಿವಿ ಪೈಥಾನ್, ಓಪನ್ ಸಿವಿ ಪೈಥಾನ್ ಹೆಡ್‌ಲೆಸ್ ಅಂತ ಎರಡು ಪ್ಯಾಕೇಜ್, ಎರಡೂ ಒಂದೇ 'ಸಿವಿ2' ಫೋಲ್ಡರ್‌ಗೆ ಬರೆಯತ್ತೆ. ಹೆಸರು ಬೇರೆ ಆದ್ರಿಂದ ಪಿಪ್ ಚೆಕ್‌ಗೆ ಜಗಳನೇ ಕಾಣಲ್ಲ. ಪೈಥಾನ್ 3.10ರಿಂದ ಇಂಪೋರ್ಟ್‌ಲಿಬ್ ಮೆಟಾಡೇಟಾದಲ್ಲಿ 'ಪ್ಯಾಕೇಜಸ್ ಡಿಸ್ಟ್ರಿಬ್ಯೂಷನ್ಸ್' ಅಂತ ಒಂದು ಫಂಕ್ಷನ್ ಇದೆ, ಯಾವ ಇಂಪೋರ್ಟ್ ಹೆಸರನ್ನ ಯಾವ್ಯಾವ ಪ್ಯಾಕೇಜ್ ಕೊಡ್ತಿದೆ ಅಂತ ಹೇಳತ್ತೆ, ಸಿವಿ2 ಎದುರು ಎರಡು ಹೆಸರು ಕಂಡ್ರೆ ಎರಡನ್ನೂ ತೆಗೆದು ಬೇಕಾದ್ದೊಂದನ್ನ ಹಾಕಿ. ಒಂದನ್ನ ಮಾತ್ರ ತೆಗೆದ್ರೆ ಹೋಗುವಾಗ ಇನ್ನೊಂದರ ಫೈಲೂ ಹೊತ್ಕೊಂಡು ಹೋಗತ್ತೆ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಯಾವಾಗ ನೋಡಿದ್ರೂ ಪೈಥಾನ್ ಮಾರಾಯ್ರೆ. ನಮ್ಮದು ಜಾವಾ ಉಂಟು. ಟೂಲ್ ಚಂದ ಸ್ಟಾರ್ಟ್ ಆಗ್ತದೆ, ಒಂದು ಗಂಟೆ ಬಿಟ್ಟು 'ನೋ ಸಚ್ ಮೆಥಡ್' ಅಂತ ಹೇಳಿ ಬೀಳ್ತದೆ. ಪಕ್ಕದವ ರೂಬಿ, ಅವನಿಗೆ ಸ್ಟಾರ್ಟ್ ಆಗುವಾಗಲೇ 'ಬೇರೆ ವರ್ಷನ್ ಆಗಲೇ ಆಕ್ಟಿವೇಟ್ ಆಗಿದೆ' ಅಂತ ಬರ್ತದೆ. ಯಾರದ್ದು ವಾಸಿ?
— ಓದುಗರೊಬ್ಬರು, ಮಂಗಳೂರು

ಉತ್ತರ: ಪಕ್ಕದವ್ರದ್ದು ವಾಸಿ, ಬೇಜಾರಾಗ್ಬೇಡಿ. ರೂಬಿಯಲ್ಲಿ ಕಮಾಂಡ್ ಸುಮ್ನೆ ಹೊಡೆದ್ರೆ ಮಷೀನ್‌ನಲ್ಲಿರೋ ಅತಿ ಹೊಸ ಜೆಮ್ (ರೂಬಿಯ ಪ್ಯಾಕೇಜ್) ಎದ್ದು ಕೂರತ್ತೆ, ಆಮೇಲೆ ಪ್ರಾಜೆಕ್ಟ್‌ಗೆ ಯಾವ ವರ್ಷನ್ ಅಂತ ಬರೆದಿಟ್ಟ ಲಾಕ್ ಫೈಲ್ ಬೇರೆ ವರ್ಷನ್ ಕೇಳತ್ತೆ, ಜೆಮ್‌ಗಳನ್ನ ನೋಡ್ಕೊಳ್ಳೋ ಬಂಡ್ಲರ್ ಅಲ್ಲೇ ನಿಲ್ಲಿಸಿ, ಕಮಾಂಡ್‌ನ ಶುರುವಿಗೆ ಬಂಡಲ್ ಎಕ್ಸೆಕ್ ಸೇರಿಸಿ ನೋಡಿ ಅಂತ ಮದ್ದೂ ಹೇಳತ್ತೆ. ಹಾಗೆ ಹಾಕಿದ್ರೆ ಲಾಕ್ ಫೈಲ್‌ನಲ್ಲಿ ಇರೋದು ಮಾತ್ರ ಕಾಣತ್ತೆ. ಎರರ್ ಅಂದ್ರೆ ಹೀಗಿರಬೇಕು.

ಜಾವಾದಲ್ಲಿ ಮಾಮೂಲಿ ಕ್ಲಾಸ್‌ಪಾತ್‌ಗೆ (ಕೋಡ್ ಹುಡುಕೋ ಜಾಗಗಳ ಪಟ್ಟಿ) ವರ್ಷನ್ ಅನ್ನೋದೇ ಗೊತ್ತಿಲ್ಲ. ಆ ಮೆಥಡ್ ಕರೆಯೋ ಸಾಲಿಗೆ ಬರೋವರೆಗೂ ಜಾವಾ ಓಡಿಸೋ ಜೆವಿಎಂ ಅದನ್ನ ಹುಡುಕೋದೂ ಇಲ್ಲ, ನಿಮ್ಮ ಒಂದು ಗಂಟೆ ಅಲ್ಲಿ ಹೋಗತ್ತೆ. ಬಿಲ್ಡ್ ಮಾಡೋ ಟೂಲ್ ಆದ ಮೇವನ್ ಎರಡು ವರ್ಷನ್ ಸಿಕ್ಕಿದ್ರೆ ಯಾವುದು ಹೊಸದು ಅಂತ ನೋಡಲ್ಲ, ಮರದಲ್ಲಿ ನಿಮ್ಮ ಪ್ರಾಜೆಕ್ಟ್‌ಗೆ ಯಾವುದು ಹತ್ತಿರ ಅಂತ ನೋಡತ್ತೆ, ಎರಡೂ ಅಷ್ಟೇ ದೂರ ಇದ್ರೆ ಮೊದ್ಲು ಬರೆದದ್ದು. ಹೀಗೆ ಹಳೇದು ಗೆಲ್ಲತ್ತೆ. ಡಿಪೆಂಡೆನ್ಸಿ ಟ್ರೀ ತೆಗೆದು ನೋಡಿ, ಎನ್‌ಫೋರ್ಸರ್ ಪ್ಲಗಿನ್‌ನಲ್ಲಿ 'ಡಿಪೆಂಡೆನ್ಸಿ ಕನ್ವರ್ಜೆನ್ಸ್' ನಿಯಮ ಹಾಕಿ, ಒಂದೇ ಲೈಬ್ರರಿಗೆ ಬೇರೆ ಬೇರೆ ವರ್ಷನ್ ಇದ್ರೆ ಬಿಲ್ಡೇ ಆಗಲ್ಲ. ಮೊದಲ ದಿನ ಪಟ್ಟಿ ನೋಡಿ ತಲೆ ತಿರುಗತ್ತೆ, ಅದು ಜಾಸ್ತಿ ಆಯ್ತು ಅನ್ಸಿದ್ರೆ 'ರಿಕ್ವೈರ್ ಅಪ್ಪರ್ ಬೌಂಡ್ ಡೆಪ್ಸ್' ಅನ್ನೋ ಸ್ವಲ್ಪ ಸಡಿಲ ನಿಯಮದಿಂದ ಶುರು ಮಾಡಿ.

ಪ್ರಶ್ನೆ: ಗೋ ಭಾಷೇಲಿ ಬರೆದ ಟೂಲ್‌ಗಳಿಗೆ ಈ ಕಾಟ ಇಲ್ವಲ್ಲ, ಎಲ್ಲಾ ಗೋನಲ್ಲೇ ಬರೆದ್ರೆ ಮುಗೀತಲ್ವಾ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಶುರುವಾಗುವಾಗಿನ ಜಗಳ ಇಲ್ಲ, ನಿಜ. ಗೋದಲ್ಲಿ ವರ್ಷನ್ ತೀರ್ಮಾನ ಬಿಲ್ಡ್ ಮಾಡುವಾಗ್ಲೇ ಆಗಿ, ಎಲ್ಲಾ ಒಂದೇ ಬೈನರಿ ಒಳಗೆ ಸೇರಿರತ್ತೆ, ಮಷೀನ್‌ನಲ್ಲಿ ಇನ್ಯಾರು ಏನು ಹಾಕಿದ್ರೂ ಅದಕ್ಕೆ ಸಂಬಂಧ ಇಲ್ಲ. ಪೈಥಾನ್‌ನಲ್ಲೇ ಇರೋ ಎಡಬ್ಲ್ಯೂಎಸ್ ಸಿಎಲ್ಐ (ಅಮೆಜಾನ್ ಕ್ಲೌಡ್‌ನ ಕಮಾಂಡ್ ಲೈನ್ ಟೂಲ್) ಕೂಡ 2020ರಲ್ಲಿ ಬಂದ ಎರಡನೇ ಆವೃತ್ತಿಯಿಂದ ತನ್ನ ಪೈಥಾನ್ ತಾನೇ ಹೊತ್ಕೊಂಡು ಬರತ್ತೆ, ಮೊದಲನೇದು ಪಿಪ್‌ನಲ್ಲಿ ಬೇರೆಯವ್ರ ಜೊತೆ ಗುದ್ದಾಡಿ ಸಾಕಾಗಿತ್ತು.

ಆದ್ರೆ ಒಳಗೆ ಸೇರಿರೋ ಲೈಬ್ರರಿಯಲ್ಲಿ ಸೆಕ್ಯುರಿಟಿ ತೂತು ಸಿಕ್ಕಿದ್ರೆ ಆ ಲೈಬ್ರರಿ ಒಂದನ್ನೇ ಅಪ್‌ಡೇಟ್ ಮಾಡಕ್ಕಾಗಲ್ಲ, ಟೂಲ್ ಮಾಡಿದವರು ಹೊಸ ಬೈನರಿ ಕೊಡೋವರೆಗೂ ಕಾಯಬೇಕು, ಅವರು ಪ್ರಾಜೆಕ್ಟ್ ಬಿಟ್ಟೋಗಿದ್ರೆ ನೀವೇ ಬಿಲ್ಡ್ ಮಾಡ್ಕೋಬೇಕು. ಒಳಗೆ ಏನಿದೆ ಅಂತ ನೋಡಕ್ಕೆ 'ಗೋ ವರ್ಷನ್' ಕಮಾಂಡ್‌ಗೆ ಎಂ ಆಪ್ಷನ್ ಹಾಕಿ ಬೈನರಿ ಹೆಸರು ಕೊಡಿ, ಯಾವ ಮಾಡ್ಯೂಲ್ ಯಾವ ವರ್ಷನ್ ಅಂತ ಪೂರ್ತಿ ಪಟ್ಟಿ ಬರತ್ತೆ. ಗೋವಲ್ನ್‌ಚೆಕ್ ಅನ್ನೋ ಟೂಲ್‌ಗೆ ಬೈನರಿ ಮೋಡ್ ಇದೆ, ಅದು ಗೊತ್ತಿರೋ ತೂತುಗಳ ಜೊತೆ ಹೋಲಿಸಿ ಹೇಳತ್ತೆ. ನಿಮ್ಮ ಬಿನ್ ಫೋಲ್ಡರ್‌ನಲ್ಲಿರೋ ಹಳೇ ಗೋ ಟೂಲ್‌ಗಳ ಮೇಲೆ ಒಂದ್ಸಲ ಓಡಿಸಿ ನೋಡಿ, ಆಮೇಲೆ ಪತ್ರ ಬರೀರಿ.